ಪದಕ ಒಂದು ಮನೆಯದು, ಚರಿತ್ರೆ ಹಲವು ಮನೆಗಳದು

ಅಜ್ಜನ ಕಾಲದ ಪದಕ ಕೈಗೆ ಸಿಕ್ಕರೆ ಎಲ್ಲರ ಕಣ್ಣು ಮೊದಲು ಹೋಗುವುದು ಅದರ ಮೇಲಿನ ರಾಜನ ಮುಖದ ಕಡೆಗೆ. ನೋಡಬೇಕಾದದ್ದು ಅಂಚನ್ನು. ಮೊದಲ ಮಹಾಯುದ್ಧದ ಬೆಳ್ಳಿ ಪದಕದಲ್ಲಿ ಒಂದು ಬದಿ ಐದನೇ ಜಾರ್ಜ್, ಇನ್ನೊಂದು ಬದಿ ಕುದುರೆ ಸವಾರ, ಜೊತೆಗೆ 1914 ಮತ್ತು 1918. ಲಕ್ಷಗಟ್ಟಲೆ ಪದಕಗಳಲ್ಲಿ ಇಷ್ಟೂ ಒಂದೇ. ಅಂಚನ್ನು ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿದರೆ ಮಾತ್ರ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಆ ಒಬ್ಬನ ಸಂಖ್ಯೆ, ಹುದ್ದೆ, ಹೆಸರು, ಪಡೆ ಕಾಣುತ್ತವೆ. ಇದೇ ಪದಕ ಕಂಚಿನಲ್ಲಿದ್ದರೆ ಅದು ಬಂದೂಕು ಹಿಡಿಯದೆ ರಣರಂಗದಲ್ಲಿ ದುಡಿದ ಕೂಲಿಪಡೆಯವನದು ಇರಬಹುದು. ಹೊಳಪು ಬರಲೆಂದು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಮೊದಲು ಸವೆಯುವುದು ಆ ಅಕ್ಷರಗಳೇ. ಬೆಳ್ಳಿ ಎಂಬ ಒಂದೇ ಕಾರಣಕ್ಕೆ ಇಂಥ ಎಷ್ಟೋ ಪದಕಗಳು ಅಕ್ಕಸಾಲಿಗನ ಮೂಸೆ ಸೇರಿ ಹೋಗಿವೆ.

ಹೆಸರು ಸಿಕ್ಕಿದ ಮೇಲೆ ಹುಡುಕಾಟ ಎಲ್ಲಿಂದ ಶುರುವಾಗಬೇಕು ಎಂಬುದನ್ನು ಪಡೆಯ ಹೆಸರೇ ಹೇಳುತ್ತದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳದಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇತ್ತು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಮೂರ್ತಿಗಳಲ್ಲಿ ಒಂದು ಮೈಸೂರಿನ ಸವಾರನ ಪರವಾಗಿ ನಿಂತಿದೆ. ಮೈಸೂರು ಲ್ಯಾನ್ಸರ್ಸ್ ಸಂಸ್ಥಾನದ ಪಡೆ, ಬ್ರಿಟಿಷ್ ಭಾರತದ ಸೈನ್ಯದ ಭಾಗವಲ್ಲ. ಹಾಗಾಗಿ ಇಂಥ ಸವಾರನ ಮನೆಯವರು ಲಂಡನ್ನಿಗೆ ಬರೆಯುವ ಮೊದಲು ಬೆಂಗಳೂರು, ಮೈಸೂರಿನ ಪತ್ರಾಗಾರಗಳಲ್ಲಿರುವ ಹಳೆಯ ಸಂಸ್ಥಾನದ ಕಡತಗಳನ್ನು ಕೇಳಬೇಕು. ಯುದ್ಧದಲ್ಲಿ ಮಡಿದವರಾದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯನ್ನು ಯಾರು ಬೇಕಾದರೂ ಹಣ ಕೊಡದೆ ನೋಡಬಹುದು. ಪಂಜಾಬಿನವರ ಅದೃಷ್ಟ ನಮಗಿಂತ ದೊಡ್ಡದು. ಲಾಹೋರ್ ವಸ್ತುಸಂಗ್ರಹಾಲಯದಲ್ಲಿದ್ದ ರಿಜಿಸ್ಟರುಗಳಲ್ಲಿ ಸುಮಾರು 3,20,000 ಪಂಜಾಬಿ ಸೈನಿಕರ ವಿವರ ಊರುವಾರು ಸಿಕ್ಕಿತು. 2021ರಿಂದ ಅವು ಸಾರ್ವಜನಿಕರಿಗೆ ತೆರೆಯತೊಡಗಿವೆ.

ಕೊಡಗಿನಲ್ಲಿ ಈ ಶೋಧಕ್ಕೆ ಬೇರೆಯದೇ ಒಂದು ದಾರಿಯಿದೆ. ಅಲ್ಲಿ ಮನುಷ್ಯನ ಹೆಸರಿಗಿಂತ ಮುಂದೆ ಒಕ್ಕದ, ಅಂದರೆ ಮನೆತನದ, ಹೆಸರು ಬರುತ್ತದೆ. ಸೇನಾ ಮುಖ್ಯಸ್ಥರಾಗಿದ್ದ ಕೆ. ಎಂ. ಕಾರ್ಯಪ್ಪ, ಕೆ. ಎಸ್. ತಿಮ್ಮಯ್ಯ ಇಬ್ಬರ ಹೆಸರಿನ ಮೊದಲ ‘ಕೆ’ ಕೊಡಂದೇರ ಒಕ್ಕ, ಎರಡನೆಯದು ತಂದೆ. ಸೈನ್ಯದ ಗುಮಾಸ್ತ ಮೊಟಕು ಮಾಡಿ ಬರೆದ ಇನಿಷಿಯಲ್ ಕೂಡ ಹಾಗಾಗಿ ಒಂದು ಐನ್‌ಮನೆಯ, ಅಂದರೆ ಒಕ್ಕದ ಮೂಲಮನೆಯ, ಬಾಗಿಲಿಗೆ ಕರೆದೊಯ್ಯಬಲ್ಲದು. ತೊಡಕು ಶುರುವಾಗುವುದು ಅಲ್ಲಿಂದ ಮುಂದೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಒಂದೇ ಒಕ್ಕದಲ್ಲಿ ಮೂರು ತಲೆಮಾರಿಗೆ ಮೂವರು ಅಪ್ಪಯ್ಯ, ನಾಲ್ವರು ಬೆಳ್ಯಪ್ಪ ಇರಬಹುದು. ಮನೆಯಲ್ಲಿ ಎಲ್ಲರೂ ಸುಬೇದಾರ ಎಂದೇ ಕರೆಯುವ ಅಜ್ಜ ಪದಕದಲ್ಲಿ ಬರೀ ಸಿಪಾಯಿ ಆಗಿರಬಹುದು. ಯಾರೂ ಸುಳ್ಳು ಹೇಳಿಲ್ಲ, ಬಡ್ತಿ ಆಮೇಲೆ ಬಂದಿರಬಹುದು. ಅಥವಾ ಆ ಪದಕ ಅವರ ದೊಡ್ಡಪ್ಪನದಿರಬಹುದು. ಇದನ್ನು ಬಿಡಿಸುವುದು ಒಂದೇ ಮನೆಯಿಂದ ಆಗುವ ಕೆಲಸವಲ್ಲ. ಒಬ್ಬರಲ್ಲಿ ಪದಕ, ಇನ್ನೊಬ್ಬರಲ್ಲಿ ಪಿಂಚಣಿ ಕಾಗದ, ಮತ್ತೊಬ್ಬರಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ದಾಖಲೆ ಇರುತ್ತದೆ.

ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದ ದಿನ ಐನ್‌ಮನೆಯಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ಸಾಲಾಗಿಟ್ಟು, ಕೋವಿಯ ಬಾಯಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಚದುರಿದ ಒಕ್ಕದವರು ಒಂದೆಡೆ ಸೇರುವ ಇಂಥ ದಿನ ಯಾವ ಪತ್ರಾಗಾರಕ್ಕೂ ಕಡಿಮೆಯಲ್ಲ. ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಐನ್‌ಮನೆಗಳನ್ನು ಹುಡುಕಿಕೊಂಡು ಹೋಗಿ, ಹಿರಿಯರ ಬಾಯಿಂದ ಒಕ್ಕಗಳ ಕಥೆ ಕೇಳಿ ದಾಖಲಿಸಿದ್ದು ಈ ಬಗೆಯ ಕೆಲಸಕ್ಕೆ ನಾನು ಕಂಡ ಅತ್ಯುತ್ತಮ ಮಾದರಿ. ಇವರಿಬ್ಬರೂ ಕೊಡವರ ಹಾಡು, ಪದ್ಧತಿಗಳ ‘ಪಟ್ಟೋಲೆ ಪಳಮೆ’ ಸಂಗ್ರಹಿಸಿದ ನಡಿಕೇರಿಯಂಡ ಚಿಣ್ಣಪ್ಪನವರ ಮೊಮ್ಮಕ್ಕಳು.

ಒಂದು ಮಾತು ಇಲ್ಲಿ ಒತ್ತಿ ಹೇಳಬೇಕು. ವಂಶವೃಕ್ಷ ಬರೆಯುವಾಗ ಗಂಡುಮಕ್ಕಳ ಸಾಲನ್ನಷ್ಟೇ ಹಿಡಿದು ಹೋಗುವವರು ಅರ್ಧ ಸಾಕ್ಷ್ಯವನ್ನು ತಾವೇ ಕಳೆದುಕೊಳ್ಳುತ್ತಾರೆ. ಕೋವಿ, ಕತ್ತಿ ಐನ್‌ಮನೆಯಲ್ಲಿ ಉಳಿಯುತ್ತವೆ, ನಿಜ. ಆದರೆ ರಣರಂಗದಿಂದ ಅಣ್ಣ ತಂಗಿಗೆ ಬರೆದ ಕಾರ್ಡು, ಸಮವಸ್ತ್ರದಲ್ಲಿ ತೆಗೆಸಿದ ಫೋಟೊ ಮದುವೆಯಾಗಿ ಹೋದ ಹೆಣ್ಣುಮಗಳ ಪೆಟ್ಟಿಗೆಯೊಳಗೆ ಬೇರೆ ಒಕ್ಕ ಸೇರಿರುತ್ತವೆ. ಕೊಟ್ಟ ಮನೆಯವರನ್ನೂ ತಂದ ಮನೆಯವರನ್ನೂ ಕೇಳದ ಶೋಧ ಶೋಧವೇ ಅಲ್ಲ.

ಇನ್ನು ಎಲ್ಲಕ್ಕಿಂತ ಕಠಿಣವಾದ ಪದಕದ ವಿಚಾರ. ಕಂಪನಿ ಆಳ್ವಿಕೆಯ ವಿರುದ್ಧ ಎದ್ದ 1837ರ ಅಮರ ಸುಳ್ಯ ದಂಗೆಯನ್ನು ಅಡಗಿಸಲು ನೆರವಾದ ಕೊಡವರಿಗೆ ಈಸ್ಟ್ ಇಂಡಿಯಾ ಕಂಪನಿ ಚಿನ್ನ ಮತ್ತು ಬೆಳ್ಳಿಯ ಪದಕ ಕೊಟ್ಟಿತು. ಅದರ ಮೇಲೆ ಕೋವಿ, ಕತ್ತಿ ಹಿಡಿದ ಕೊಡವ ಯೋಧನ ಚಿತ್ರವಿದೆ. ಬರಹ ಇಂಗ್ಲಿಷಿನಲ್ಲಷ್ಟೇ ಅಲ್ಲ, ಕನ್ನಡದಲ್ಲೂ ಇದೆ: ಕಂಪನಿ ಸರ್ಕಾರಕ್ಕೆ ತೋರಿದ ನಿಷ್ಠೆಗೆ ಮೆಚ್ಚಿ ಕೊಟ್ಟದ್ದು ಎಂಬ ಒಕ್ಕಣೆ. ಅದೇ ವರ್ಷ ಅಕ್ಟೋಬರ್ 31ರಂದು ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಇಂದು ಅವರು ಸ್ವಾತಂತ್ರ್ಯ ಹೋರಾಟಗಾರರು. ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ.

ಹಾಗಾದರೆ ಪದಕ ಪಡೆದವರ ವಂಶದವರು ಅದನ್ನು ಬಚ್ಚಿಡಬೇಕೆ? ಖಂಡಿತ ಬೇಡ. ಹಿರಿಯರ ನಿರ್ಧಾರಕ್ಕೆ ಇಂದಿನವರು ಹೊಣೆಯಲ್ಲ. ಆದರೆ ಪದಕವನ್ನು ಅದರ ಮೇಲೆ ಬರೆದ ಮಾತಿನಿಂದ ಮಾತ್ರ ಓದಿದರೆ ನಮಗೆ ಸಿಗುವುದು ಕಂಪನಿ ಬರೆಸಿದ ಚರಿತ್ರೆ. 1837ರ ಏಪ್ರಿಲ್‌ನಲ್ಲಿ ದಂಗೆಗೆಂದು ಸುಳ್ಯ, ಪುತ್ತೂರಿನ ಕಡೆ ಮನೆಮಠ ಬಿಟ್ಟು ಹೊರಟ ಗೌಡ ಮನೆತನಗಳ ವಂಶಾವಳಿಯನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಯಾರು ಯಾಕೆ ಯಾವ ಪಕ್ಷ ಹಿಡಿದರು ಎಂಬುದು ತಿಳಿಯಲು ಅದೊಂದೇ ದಾರಿ. ಕೊಡವ ಸಾಹಿತ್ಯ ಅಕಾಡೆಮಿ, ಈ ಗೌಡರ ಮಾತಾದ ಅರೆಭಾಷೆಯ ಅಕಾಡೆಮಿ ಎರಡೂ ಮಡಿಕೇರಿಯಲ್ಲೇ ಇವೆ. ಎರಡೂ ಕೂಡಿ ಎರಡೂ ಕಡೆಯ ಮನೆಗಳ ಪದಕ, ಕಾಗದ, ವಂಶಾವಳಿಗಳ ಪ್ರತಿಗಳನ್ನು ಒಂದೇ ಸಂಗ್ರಹದಲ್ಲಿ ಇಡಲಿ. ಇಂಥ ಕಾಗದ ಇರುವ ಮನೆಯವರು ಕರೆ ಬರಲೆಂದು ಕಾಯದೆ ಒಂದು ಪ್ರತಿಯನ್ನು ತಾವಾಗಿ ತಲುಪಿಸಲಿ.