ಕರಡಿಮರಿಗೆ ಹೊಸ ಮೂಗು

ಚೆನ್ನೈನಲ್ಲಿರುವ ನಮಗೆಲ್ಲ ಭೋಗಿ ಹಬ್ಬ ಗೊತ್ತೇ ಇದೆ. ಹಳೆಯದನ್ನೆಲ್ಲ ಹೊರಹಾಕುವ ದಿನ. ಈ ಸಲ ಕೋಯಂಬೇಡಿನ ನಮ್ಮ ಮನೆಯಲ್ಲಿ ಅಮ್ಮನ ಕಣ್ಣು ನನ್ನ ಮಗಳ ಕರಡಿ ಗೊಂಬೆಯ ಮೇಲೆ ಬಿತ್ತು. ಮೂಗು ಸವೆದಿತ್ತು, ಕಿವಿ ಬೋಳಾಗಿತ್ತು. "ಹಾಕಿಬಿಡು, ಹೊಸದು ತಂದರಾಯ್ತು" ಎಂದರು. ಮಗಳು ಗೊಂಬೆ ಅಪ್ಪಿಕೊಂಡು ಮೂಲೆ ಸೇರಿದಳು. ಅವಳಿಗೆ ಹೊಸ ಕರಡಿ ಬೇಡ, ಇದೇ ಬೇಕು.

ಇಂಥ ಗೊಂಬೆಗೊಂದು ಉಪಾಯವಿದೆ: ನೀಡಲ್ ಫೆಲ್ಟಿಂಗ್. ದಾರ ಬೇಡ, ಅಂಟು ಬೇಡ. ಉಣ್ಣೆ ಮತ್ತು ಸೂಜಿ ಸಾಕು. ಉಣ್ಣೆಯ ಸ್ವೆಟರನ್ನು ಬಿಸಿನೀರಿನಲ್ಲಿ ತಿಕ್ಕಿ ಒಗೆದರೆ ಕುಗ್ಗಿ ದಪ್ಪವಾಗುತ್ತದಲ್ಲವೆ? ಉಣ್ಣೆಯ ಎಳೆಯ ಮೇಲೆ ಮೀನಿಗಿರುವಂತೆ ಅತಿ ಸಣ್ಣ ಹುರುಪೆಗಳಿವೆ. ಎಳೆಗಳು ಒಮ್ಮೆ ಹೆಣೆದುಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಇಲ್ಲಿ ಬಿಸಿನೀರಿನ ಬದಲು ಸೂಜಿ ಆ ಕೆಲಸ ಮಾಡುತ್ತದೆ. ಈ ಸೂಜಿಗೆ ಕಣ್ಣಿಲ್ಲ, ಅಂಚಿನಲ್ಲಿ ಸಣ್ಣ ಕಚ್ಚುಗಳಿವೆ. ಚುಚ್ಚಿದಾಗ ಅವು ಉಣ್ಣೆಯನ್ನು ಒಳಕ್ಕೆ ಎಳೆದೊಯ್ದು ಅಲ್ಲೇ ಬಿಟ್ಟುಬರುತ್ತವೆ. ಕಾರಿನ ಮ್ಯಾಟು ಮುಂತಾದವನ್ನು ಕಾರ್ಖಾನೆಯಲ್ಲಿ ಮಾಡುವುದೂ ಇಂಥ ಸೂಜಿಗಳಿಂದಲೇ. 1980ರ ದಶಕದಲ್ಲಿ ಅಮೆರಿಕದ ಕರಕುಶಲಿಗರು ಅದನ್ನು ಕೈಕೆಲಸಕ್ಕೆ ತಂದರು.

ಮೊದಲು ಗೊಂಬೆಯನ್ನು ಒಗೆದು ಪೂರ್ತಿ ಒಣಗಿಸಿ. ಹೊಲಿಗೆ ಬಿಚ್ಚಿದ್ದರೆ ಹತ್ತಿ ತುಂಬಿ ಹೊಲಿಯಿರಿ. ಹರಿದದ್ದನ್ನು ಫೆಲ್ಟಿಂಗ್ ಹಿಡಿದಿಡದು. ಆಮೇಲೆ ಬಾಚಿದ ಉಣ್ಣೆಯನ್ನು ತೆಳುವಾಗಿ ಬಿಡಿಸಿ ಬೋಳಾದ ಜಾಗದ ಮೇಲಿಟ್ಟು ಚುಚ್ಚುತ್ತಾ ಹೋಗಿ. 38 ಗೇಜಿನ ಸೂಜಿ ಸಾಕು. ಕಿವಿಯಂಥ ತೆಳು ಭಾಗದ ಕೆಳಗೆ ದಪ್ಪ ಸ್ಪಾಂಜ್ ಇಡಿ. ಒಂದು ಪದರ ಕೂತ ಮೇಲೆ ಇನ್ನೊಂದು. ಎಳೆದರೆ ಕಿತ್ತುಬರದಿದ್ದರೆ ಕೆಲಸ ಮುಗಿಯಿತು. ಅಂಗಡಿಯ 'ಉಲ್ಲನ್' ಎಷ್ಟೋ ಸಲ ಅಕ್ರಿಲಿಕ್ ಆಗಿರುತ್ತದೆ, ಕೇಳಿ ಕೊಳ್ಳಿ. ಊರ ಕಡೆಯ ಕಂಬಳಿ ಕುರಿಯ ಕಪ್ಪು ಉಣ್ಣೆ ಸಿಕ್ಕರೆ, ಒರಟಾದರೂ ಮೂಗಿಗೆ ಹೇಳಿ ಮಾಡಿಸಿದಂತಿರುತ್ತದೆ.

ಒಂದು ಎಚ್ಚರಿಕೆ. ಸೂಜಿ ನೇರವಾಗಿ ಹೋಗಿ ನೇರವಾಗಿ ಬರಬೇಕು. ಓರೆ ಮಾಡಿದರೆ ತುದಿ ಮುರಿಯುತ್ತದೆ. ಮುರಿದ ಚೂರು ಸಿಗುವವರೆಗೆ ಗೊಂಬೆಯನ್ನು ಮಗುವಿಗೆ ಕೊಡಲೇಬೇಡಿ. ಗೊಂಬೆ ಬಾಯಿಗಿಡುವ ಕೂಸುಗಳಿದ್ದರೆ ಈ ರಿಪೇರಿ ಬೇಡ. ಮೂಗನ್ನು ದಾರದಿಂದ ಕಸೂತಿ ಮಾಡಿ.

ನಮ್ಮ ಕರಡಿಯ ಮೂಗು ತುಸು ಸೊಟ್ಟಗಾಗಿದೆ. ಮಗಳು ತಿರುಗಿಸಿ ನೋಡಿ, ಮೂಸಿ, "ನಂದೇ" ಎಂದಳು. ಈಗ ಅಮ್ಮ ನುಸಿ ತಿಂದ ತಮ್ಮ ಉಣ್ಣೆ ಶಾಲನ್ನೂ ನನ್ನ ಮೇಜಿನ ಮೇಲೆ ತಂದಿಟ್ಟಿದ್ದಾರೆ!