ತಿಪ್ಪೆಯ ಅನಿಲ: ದೇಶ ದೇಶಗಳ ಲೆಕ್ಕ ಹೋಲಿಸುವುದು ಹೇಗೆ?

ಗದಗ ತಾಲ್ಲೂಕಿನ ಹರ್ತಿಯಲ್ಲಿ ದನ ಕಟ್ಟಿದ ಮನೆಗೆ ತಿಪ್ಪೆ ಇದ್ದೇ ಇರುತ್ತದೆ. ಅದರಿಂದ ಕಣ್ಣಿಗೆ ಕಾಣದ ಒಂದು ಅನಿಲ ಹೊರಡುತ್ತದೆ. ಅದೇ ನೈಟ್ರಸ್ ಆಕ್ಸೈಡ್. ಅದರ ಒಂದು ಕಿಲೋ, ನೂರು ವರ್ಷದ ಲೆಕ್ಕದಲ್ಲಿ, 273 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ.

ಇದು ಹುಟ್ಟುವುದು ಹೇಗೆ? ಸಗಣಿ, ಗಂಜಲದಲ್ಲಿ ಸಾರಜನಕ ಇರುತ್ತದೆ. ಗಾಳಿ ಸಿಕ್ಕಾಗ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ಗಾಳಿ ಸಿಗದ ಕಡೆ ಬೇರೆ ಜೀವಿಗಳು ಆ ನೈಟ್ರೇಟನ್ನು ಒಡೆಯುತ್ತವೆ. ಈ ಎರಡೂ ಕೆಲಸದ ನಡುವೆ ನೈಟ್ರಸ್ ಆಕ್ಸೈಡ್ ಸೋರುತ್ತದೆ. ತಿಪ್ಪೆಗೆ ಸಲಿಕೆ ಹಾಕಿ ನೋಡಿ. ಮೇಲೆ ಒಣಗಿ ಪುಡಿಯಾಗಿರುತ್ತದೆ, ಒಳಗೆ ಬಿಸಿ, ಹಸಿ. ಎರಡೂ ಬಗೆಯ ಜೀವಿಗಳಿಗೆ ಅಲ್ಲೇ ಜಾಗವಿದೆ. ಯುರೋಪಿನ ಅನೇಕ ಕಡೆ ಸಗಣಿಯನ್ನು ನೀರಾಗಿಯೇ ತೊಟ್ಟಿಯಲ್ಲಿ ಇಡುತ್ತಾರೆ. ಅಲ್ಲಿ ಗಾಳಿ ಇಲ್ಲ, ನೈಟ್ರಸ್ ಆಕ್ಸೈಡ್ ತೀರ ಕಡಿಮೆ. ಬದಲಿಗೆ ಮೀಥೇನ್ ಹೆಚ್ಚು.

ಪ್ರತಿ ತಿಪ್ಪೆಗೂ ಯಂತ್ರ ಇಟ್ಟು ಅಳೆಯಲು ಆಗದು. ಹಾಗಾಗಿ ದನಗಳ ಸಂಖ್ಯೆ, ಅವು ಹೊರಹಾಕುವ ಸಾರಜನಕ, ಗೊಬ್ಬರ ಇಡುವ ರೀತಿ ಇವನ್ನು ಗುಣಿಸುತ್ತಾರೆ. ಗುಣಕ ಕೊಡುವುದು ಐಪಿಸಿಸಿ, ಅಂದರೆ ವಿಶ್ವಸಂಸ್ಥೆಯ ಹವಾಮಾನ ಸಮಿತಿ. ಗೊಂದಲ ಶುರುವಾಗುವುದು ಇಲ್ಲಿಯೇ. 2006ರ ಮಾರ್ಗಸೂಚಿಯಲ್ಲಿ, ಗುಡ್ಡೆ ಹಾಕಿದ ಗೊಬ್ಬರದ ಪ್ರತಿ 100 ಕಿಲೋ ಸಾರಜನಕದಲ್ಲಿ ಅರ್ಧ ಕಿಲೋ ಈ ಅನಿಲವಾಗುತ್ತದೆ ಎಂದಿತ್ತು. 2019ರ ಪರಿಷ್ಕರಣೆಯಲ್ಲಿ ಅದು ಒಂದು ಕಿಲೋ. ತಿಪ್ಪೆ ಬದಲಾಗಿಲ್ಲ, ಲೆಕ್ಕ ಎರಡು ಪಟ್ಟಾಯಿತು! ಬಯಲಲ್ಲಿ ದನ ಹಾಕಿದ ಸಗಣಿ, ಗಂಜಲಕ್ಕೆ 2006ರಲ್ಲಿ ಎಲ್ಲೆಡೆ ಎರಡು ಕಿಲೋ ಹಿಡಿದಿದ್ದರು. ಈಗ ತೇವದ ನಾಡಿಗೆ 0.6, ನಮ್ಮ ಗದಗದಂಥ ಒಣ ನಾಡಿಗೆ 0.2.

ಆದ್ದರಿಂದ ಎರಡು ದೇಶದ ಅಂಕಿ ಪಕ್ಕಪಕ್ಕ ಕಂಡರೆ, ಎರಡಕ್ಕೂ ಒಂದೇ ಮಾರ್ಗಸೂಚಿಯೇ ಎಂದು ಮೊದಲು ಕೇಳಿ. ಬಳಿಕ ಒಟ್ಟು ಮೊತ್ತ ಬಿಟ್ಟು ತಲಾ ದನಕ್ಕೆ ಎಷ್ಟು, ಲೀಟರ್ ಹಾಲಿಗೆ ಎಷ್ಟು ಎಂದು ನೋಡಿ. 2019ರ ಗಣತಿಯಲ್ಲಿ ಭಾರತದ ದನ, ಎಮ್ಮೆ ಸೇರಿ 30 ಕೋಟಿ ದಾಟಿವೆ. ನ್ಯೂಜಿಲೆಂಡಿನಲ್ಲಿ ದನ ಸುಮಾರು ಒಂದು ಕೋಟಿ. ಬರೀ ಮೊತ್ತ ಹೋಲಿಸುವುದು ನ್ಯಾಯವಲ್ಲ. ಆದರೆ ಲೀಟರ್ ಹಾಲಿನ ಲೆಕ್ಕದಲ್ಲಿ, ಕಡಿಮೆ ಹಾಲು ಕೊಡುವ ನಮ್ಮ ದನಗಳು ಹಿಂದೆ ಬೀಳಬಹುದು. ಅದನ್ನೂ ಒಪ್ಪಬೇಕು. ಕುಳ್ಳು ತಟ್ಟಿ ಒಲೆಗೆ ಹಾಕಿದ ಸಗಣಿಯಂತೂ ಗೊಬ್ಬರದ ಲೆಕ್ಕಕ್ಕೇ ಬಾರದು, ಇಂಧನದ ಲೆಕ್ಕಕ್ಕೆ ಹೋಗುತ್ತದೆ.

ಅಂಕಿ ಎಲ್ಲಿ ಸಿಗುತ್ತದೆ? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ‘ಫಾವೊಸ್ಟ್ಯಾಟ್’ ಜಾಲತಾಣದಲ್ಲಿ, ದುಡ್ಡಿಲ್ಲದೆ. ಅಲ್ಲಿ ಎಲ್ಲ ದೇಶಕ್ಕೂ ಒಂದೇ ವಿಧಾನ ಇರುವುದರಿಂದ ಹೋಲಿಕೆಗೆ ಅನುಕೂಲ. ಕೂಡಿಟ್ಟ ಗೊಬ್ಬರ, ಹೊಲಕ್ಕೆ ಹಾಕಿದ್ದು, ಬಯಲಲ್ಲಿ ಬಿದ್ದದ್ದು ಎಂದು ಮೂರು ಬಾಬತ್ತು ಬೇರೆಬೇರೆ ಇರುತ್ತವೆ. ಮೂರನ್ನೂ ಕೂಡಿಸಿ.

ನಮ್ಮ ತಿಪ್ಪೆಗೆ ಏನು ಮಾಡಬಹುದು? ಜೋಳದ ದಂಟು, ಹೊಟ್ಟು ಬೆರೆಸಿ ಗುಡ್ಡೆಯೊಳಗೆ ಗಾಳಿ ಆಡುವಂತೆ ಮಾಡಿದರೆ, 2019ರ ಗುಣಕದ ಪ್ರಕಾರ ಅನಿಲ ಅರ್ಧಕ್ಕೆ ಇಳಿಯುತ್ತದೆ. ಖರ್ಚು ಮೈದುಡಿಮೆ ಮಾತ್ರ. ಗೋಬರ್ ಗ್ಯಾಸ್ ಹಾಕಿಸಿದರೆ ಬಹುತೇಕ ನಿಲ್ಲುತ್ತದೆ, ಆದರೆ ಮೊದಲಿಗೆ ಹಣ ಬೇಕು. ಸಹಾಯಧನ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಗೊಬ್ಬರದ ಸಲಹೆಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ.