ಬೆಲೆಗಿಂತ ಮಿಗಿಲಾದ ಕಾಗದದ ತುಣುಕುಗಳು

1963ರ ಜನವರಿ 10. ನ್ಯೂಯಾರ್ಕ್ ನಗರದ ಮೆಟ್ರೊಪಾಲಿಟನ್ ಕಲಾ ವಸ್ತು ಸಂಗ್ರಹಾಲಯ. ಸಂಜೆ ಐದರ ಸಮಯ. ಅಲ್ಲಿ ಪುಟ್ಟ ಮೇಜೊಂದರ ಮುಂದೆ ಕುಳಿತಿದ್ದ ವ್ಯಕ್ತಿ ಕೊನೆಯ ಚಿತ್ರವನ್ನು ಆಲ್ಬಮ್‌ಗೆ ಅಂಟಿಸಿದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಕಷ್ಟಪಟ್ಟು ಕೋಟು ತೊಟ್ಟುಕೊಂಡು, ಇನ್ನು ಬರುವುದಿಲ್ಲವೆಂದು ಅಲ್ಲಿದ್ದವರಿಗೆ ತಿಳಿಸಿ ಹೊರಟರು. ಮರುದಿನ ಆಸ್ಪತ್ರೆ ಸೇರಿದ ಅವರು ಎರಡು ತಿಂಗಳಲ್ಲಿ ತೀರಿಕೊಂಡರು.

ಅವರ ಹೆಸರು ಜೆಫರ್ಸನ್ ಬರ್ಡಿಕ್. ಅವರು ಬಿಟ್ಟು ಹೋದದ್ದು ಮೂರು ಲಕ್ಷಕ್ಕೂ ಹೆಚ್ಚು ಕಾಗದದ ತುಣುಕುಗಳನ್ನು. ಅವುಗಳಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಬೇಸ್‌ಬಾಲ್ ಆಟಗಾರರ ಕಾರ್ಡುಗಳು. ಇಂದು ಅಮೇರಿಕದಲ್ಲಿ ಈ ಹವ್ಯಾಸದ ಪಿತಾಮಹ ಎಂದು ಅವರನ್ನೇ ಕರೆಯುತ್ತಾರೆ.

ಮನೆಯಲ್ಲಿ ಮಕ್ಕಳು ಬೆಂಕಿಪೆಟ್ಟಿಗೆಯ ಚಿತ್ರ, ಅಂಚೆಚೀಟಿ, ಚ್ಯೂಯಿಂಗ್ ಗಮ್ ಜೊತೆ ಬಂದ ಕ್ರಿಕೆಟ್ ಆಟಗಾರರ ಫೋಟೋ ಕೂಡಿಟ್ಟರೆ "ಈ ಕಸ ಯಾಕೆ?" ಎಂದು ಗದರುವವರು ನಾವು. ಅಂತಹ 'ಕಸ'ವೇ ಒಬ್ಬ ಮನುಷ್ಯನ ಬದುಕಿಗೆ ಅರ್ಥ ಕೊಟ್ಟ ಕಥೆಯಿದು.

ಸಿಗರೇಟಿನಿಂದ ಬಬಲ್ ಗಮ್‌ವರೆಗೆ

ನಮಗೆ ಕ್ರಿಕೆಟ್ ಹೇಗೋ ಅಮೇರಿಕನ್ನರಿಗೆ ಬೇಸ್‌ಬಾಲ್ ಹಾಗೆ. 1880ರ ದಶಕದಲ್ಲಿ ಅಲ್ಲಿನ ತಂಬಾಕು ಕಂಪೆನಿಗಳು ಸಿಗರೇಟು ಪ್ಯಾಕ್ ಬಾಗದಿರಲೆಂದು ಒಳಗೆ ಗಟ್ಟಿ ಕಾಗದದ ತುಂಡನ್ನು ಇಡುತ್ತಿದ್ದವು. ಅದರ ಮೇಲೆ ಆಟಗಾರರ ಚಿತ್ರ ಅಚ್ಚಾದಾಗ ಮಾರಾಟ ಹೆಚ್ಚಿತು. ತಂದೆ ಸಿಗರೇಟು ಸೇದಿದರೆ ಚಿತ್ರ ಮಗನ ಕೈ ಸೇರುತ್ತಿತ್ತು. 1930ರ ದಶಕದಲ್ಲಿ ಬಬಲ್ ಗಮ್ ಕಂಪೆನಿಗಳು ಇದೇ ಉಪಾಯವನ್ನು ಹಿಡಿದವು. 1952ರಲ್ಲಿ ಟಾಪ್ಸ್ ಕಂಪೆನಿ ಹೊರತಂದ ದೊಡ್ಡ ಗಾತ್ರದ ಬಣ್ಣದ ಕಾರ್ಡುಗಳ ಮುಂಭಾಗದಲ್ಲಿ ಆಟಗಾರನ ಚಿತ್ರ ಮತ್ತು ಸಹಿಯ ನಕಲು, ಹಿಂಭಾಗದಲ್ಲಿ ಅವನ ಊರು, ಎತ್ತರ, ಆಟದ ಲೆಕ್ಕ ಎಲ್ಲವೂ ಇದ್ದವು.

ಹುಡುಗರು ಅವುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟರು, ಗೆಳೆಯರೊಡನೆ ಬದಲಾಯಿಸಿಕೊಂಡರು, ಸೈಕಲ್ ಚಕ್ರದ ಕಡ್ಡಿಗಳಿಗೆ ತಾಗುವಂತೆ ಸಿಕ್ಕಿಸಿ ಪಟಪಟ ಸದ್ದು ಮಾಡಿಸಿದರು. ದೊಡ್ಡವರಾಗಿ ಮನೆ ಬಿಟ್ಟ ಮೇಲೆ ತಾಯಂದಿರು ಕೋಣೆ ಗುಡಿಸುವಾಗ ಆ ಡಬ್ಬಿಗಳು ಕಸದ ಬುಟ್ಟಿ ಸೇರಿದವು. ಅಮೇರಿಕದ ಒಂದು ಇಡೀ ತಲೆಮಾರು ಇಂದಿಗೂ ಹೇಳಿಕೊಂಡು ನಗುವ, ಒಳಗೊಳಗೇ ಮರುಗುವ ಸಂಗತಿಯಿದು.

ನೋವಿನ ನಡುವೆ ಒಂದು ಕೆಲಸ

ಬರ್ಡಿಕ್ ಹುಟ್ಟಿದ್ದು 1900ರಲ್ಲಿ, ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ. ಸಿರಾಕ್ಯೂಸ್ ಪಟ್ಟಣದ ವಿದ್ಯುತ್ ಉಪಕರಣಗಳ ಕಾರ್ಖಾನೆಯಲ್ಲಿ ಬಿಡಿಭಾಗ ಜೋಡಿಸುವ ಕೆಲಸ. ಮದುವೆಯಾಗಲಿಲ್ಲ. ದೇಹವನ್ನು ಹಿಂಡುವ ಸಂಧಿವಾತ ಬೇರೆ. ಅವರಿಗೆ ಬೇಸ್‌ಬಾಲ್ ಹುಚ್ಚೇನೂ ಇರಲಿಲ್ಲ. ಮೈದಾನಕ್ಕೆ ಹೋಗಿ ಒಂದು ಪಂದ್ಯವನ್ನೂ ನೋಡಿದವರಲ್ಲ ಎನ್ನುತ್ತಾರೆ. ಸಾಮಾನ್ಯ ಜನರ ಕೈಯಲ್ಲಿ ಓಡಾಡಿದ ಅಗ್ಗದ ಮುದ್ರಿತ ಚಿತ್ರಗಳೆಂದರೆ ಅವರಿಗೆ ಪ್ರೀತಿ. ಜಾಹೀರಾತು ಚೀಟಿಗಳು, ಪೋಸ್ಟ್ ಕಾರ್ಡುಗಳು, ಹಕ್ಕಿಗಳ ಚಿತ್ರಗಳು ಎಲ್ಲವನ್ನೂ ಕೂಡಿಟ್ಟರು.

ಕೂಡಿಡುವವರು ಅವರಿಗಿಂತ ಮೊದಲೂ ಇದ್ದರು. ಆದರೆ ಯಾವ ಕಾರ್ಡು ಯಾವ ಕಾಲದ್ದು, ಯಾವ ಕಂಪೆನಿಯದ್ದು, ಒಂದು ಸರಣಿಯಲ್ಲಿ ಎಷ್ಟಿವೆ ಎಂದು ಹೇಳುವವರಿರಲಿಲ್ಲ. ಬರ್ಡಿಕ್ ಇತರ ಸಂಗ್ರಾಹಕರೊಡನೆ ಪತ್ರ ವ್ಯವಹಾರ ನಡೆಸಿದರು, ಅವರಿಗಾಗಿ ಒಂದು ಪತ್ರಿಕೆ ಹೊರಡಿಸಿದರು. 1939ರಲ್ಲಿ ಮೊದಲ ಸೂಚಿಯನ್ನು ಪ್ರಕಟಿಸಿದರು. 'ಅಮೇರಿಕನ್ ಕಾರ್ಡ್ ಕೆಟಲಾಗ್' ಎಂಬ ಹೆಸರಿನಲ್ಲಿ ಮುಂದೆ ಅದು ಪ್ರಸಿದ್ಧವಾಯಿತು. ಹತ್ತೊಂಬತ್ತನೇ ಶತಮಾನದ ತಂಬಾಕು ಕಾರ್ಡುಗಳಿಗೆ 'ಎನ್', ಇಪ್ಪತ್ತನೇ ಶತಮಾನದವುಗಳಿಗೆ 'ಟಿ' ಎಂಬಂತೆ ಅಕ್ಷರ, ಅದರ ಮುಂದೊಂದು ಸಂಖ್ಯೆ. 1909ರಿಂದ 1911ರವರೆಗೆ ಬಂದ ಹೆಸರಾಂತ ಸರಣಿಯನ್ನು ಇಂದಿಗೂ ಜಗತ್ತು 'ಟಿ-206' ಎಂದೇ ಕರೆಯುತ್ತದೆ. ಕಾರ್ಖಾನೆಯ ಕೆಲಸಗಾರನೊಬ್ಬ ಬಿಡುವಿನ ವೇಳೆಯಲ್ಲಿ ಕೊಟ್ಟ ಗುರುತು ಅದು.

1940ರ ದಶಕದ ಕೊನೆಯಲ್ಲಿ ಅವರು ಸಂಗ್ರಹವನ್ನು ಮೆಟ್ರೊಪಾಲಿಟನ್ ಸಂಗ್ರಹಾಲಯಕ್ಕೆ ದಾನವಾಗಿ ಕೊಡಲು ಮುಂದಾದರು. ಮುದ್ರಿತ ಚಿತ್ರಗಳ ವಿಭಾಗದ ಮುಖ್ಯಸ್ಥ ಹಯಾಟ್ ಮೇಯರ್ ಒಪ್ಪಿದರು. ಆದರೆ ವಿಂಗಡಿಸಿ, ಆಲ್ಬಮ್‌ಗಳಲ್ಲಿ ಜೋಡಿಸುವ ಕೆಲಸ ಬರ್ಡಿಕ್‌ರದ್ದೇ ಆಯಿತು. ಕೆಲಸ ವರ್ಷಗಟ್ಟಲೆ ಸಾಗಿತು. ರೋಗ ಉಲ್ಬಣಿಸಿ ಕಾರ್ಖಾನೆಯ ಕೆಲಸ ಬಿಡಬೇಕಾಗಿ ಬಂದಾಗ, 1959ರಲ್ಲಿ ಅವರು ನ್ಯೂಯಾರ್ಕ್‌ಗೇ ಬಂದು ನೆಲೆಸಿದರು. ಬಗ್ಗದ ಬೆರಳುಗಳಿಂದ ಒಂದೊಂದನ್ನೇ ಅಂಟಿಸಿದರು. ಬಳಿಕ ನಡೆದುದನ್ನು ಆರಂಭದಲ್ಲೇ ಹೇಳಿದ್ದೇನೆ.

ಅವರ ನೋವನ್ನು ಔಷಧಿ ಪೂರ್ತಿ ಗುಣಪಡಿಸಲಿಲ್ಲ. ಆದರೆ ನಾಳೆ ಬೆಳಿಗ್ಗೆ ಏಳಲು ಅವರಿಗೊಂದು ಕಾರಣವಿತ್ತು.

ಹಣ ಬಂದಾಗ

ಅವರು ದಾನ ಮಾಡಿದ ವಸ್ತುಗಳಿಗೆ ಇಂದು ಬಂದಿರುವ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಟಿ-206 ಸರಣಿಯಲ್ಲಿ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಕಾರ್ಡು ತೀರಾ ಅಪರೂಪ. ಮಕ್ಕಳು ತನ್ನ ಚಿತ್ರಕ್ಕಾಗಿ ಸಿಗರೇಟು ಕೊಳ್ಳುವುದು ಬೇಡವೆಂದು ಆತ ಅಚ್ಚು ನಿಲ್ಲಿಸಿದನೆಂದು ಕೆಲವರು, ಹಣ ಕೊಡದ್ದಕ್ಕೆ ತಡೆದನೆಂದು ಇನ್ನು ಕೆಲವರು ಹೇಳುತ್ತಾರೆ. ಅದರ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ವರ್ಷ ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಟಾಪ್ಸ್ ಕಾರ್ಡು 1.26 ಕೋಟಿ ಡಾಲರಿಗೆ ಹೋಯಿತು. ವಿಪರ್ಯಾಸವೆಂದರೆ, ಮಾರಾಟವಾಗದೆ ಉಳಿದ ಆ ಸರಣಿಯ ಕಟ್ಟುಗಳನ್ನು 1960ರಲ್ಲಿ ಕಂಪೆನಿಯೇ ದೋಣಿಯಲ್ಲಿ ಒಯ್ದು ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದಿತ್ತು ಎಂದು ಅದರ ಅಧಿಕಾರಿ ಸೈ ಬರ್ಗರ್ ಹೇಳಿದ್ದರು.

ಬೆಲೆಯ ಸುದ್ದಿ ಹಬ್ಬಿದ್ದೇ ತಡ, ದುರಾಸೆಯೂ ಹಬ್ಬಿತು. 1980ರ ದಶಕದ ಕೊನೆಯಲ್ಲಿ ಜನ ಭವಿಷ್ಯದ ಲಾಭಕ್ಕೆಂದು ಹೊಸ ಕಾರ್ಡುಗಳನ್ನು ಪೆಟ್ಟಿಗೆಗಟ್ಟಲೆ ಕೊಂಡರು. ಕಂಪೆನಿಗಳು ಲೆಕ್ಕವಿಲ್ಲದಷ್ಟು ಮುದ್ರಿಸಿದವು. ಎಲ್ಲರ ಮನೆಯಲ್ಲೂ ಇರುವ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳಿಗೆ ಇಂದಿಗೂ ಕೇಳುವವರಿಲ್ಲ. ಲಾಭಕ್ಕೆ ಕೂಡಿಟ್ಟವನಿಗೆ ಲಾಭವೂ ಇಲ್ಲ, ಸಂತೋಷವೂ ಇಲ್ಲ.

ಒಂದು ಗೆರೆ ಎಳೆದುಕೊಂಡರೆ

ಹಳೆಯ ಕಾರ್ಡುಗಳನ್ನು ನಿಜವಾಗಿ ಪ್ರೀತಿಸುವವರು ಬೇರೆ ದಾರಿ ಹಿಡಿಯುತ್ತಾರೆ. ಎಲ್ಲವನ್ನೂ ಕೊಳ್ಳಲು ಯಾರಿಂದಲೂ ಸಾಧ್ಯವಿಲ್ಲ. ಆದ್ದರಿಂದ ಒಂದು ಗೆರೆ ಎಳೆದುಕೊಳ್ಳುತ್ತಾರೆ. ತಾನು ಹುಟ್ಟಿದ ವರ್ಷದ ಸರಣಿ ಮಾತ್ರ, ತಂದೆ ಮೆಚ್ಚಿದ ತಂಡ ಮಾತ್ರ, ಒಬ್ಬ ಆಟಗಾರ ಮಾತ್ರ. ಮೂಲೆ ಸವೆದ, ಮಡಚಿದ ಕಾರ್ಡಾದರೂ ಸರಿ. ಅಂತಹವು ಕಡಿಮೆ ಬೆಲೆಗೆ ಸಿಗುತ್ತವೆ.

ರಾಬರ್ಟೋ ಕ್ಲೆಮೆಂಟೆಯ ಉದಾಹರಣೆ ನೋಡಿ. ಪೋರ್ಟೊ ರಿಕೊ ದ್ವೀಪದಿಂದ ಬಂದು ಪಿಟ್ಸ್‌ಬರ್ಗ್ ತಂಡಕ್ಕೆ ಆಡಿದ ಈ ಆಟಗಾರನ ಟಾಪ್ಸ್ ಕಾರ್ಡು 1955ರಿಂದ 1973ರವರೆಗೆ ಪ್ರತಿ ವರ್ಷ ಬಂತು. ಅವುಗಳನ್ನು ಸಾಲಾಗಿಟ್ಟರೆ ಒಂದು ಜೀವನಚರಿತ್ರೆಯೇ ಸಿದ್ಧ. ಮೊದಲ ಕಾರ್ಡಿನಲ್ಲಿ ಇಪ್ಪತ್ತರ ಹರೆಯದ ಹುಡುಗ. ಬಳಿಕ ಎಷ್ಟೋ ವರ್ಷಗಳ ಕಾಲ ಕಾರ್ಡುಗಳಲ್ಲಿ ಅವನ ಹೆಸರು 'ಬಾಬ್' ಎಂದು ಅಚ್ಚಾಯಿತು. ತನ್ನ ನಿಜ ಹೆಸರಿನಿಂದಲೇ ಕರೆಯಬೇಕೆಂದು ಬಯಸಿದ ಮನುಷ್ಯನ ಹೆಸರನ್ನು ಇತರರು ತಮ್ಮ ಅನುಕೂಲಕ್ಕೆ ಕತ್ತರಿಸಿದ್ದರು. 1970ರಲ್ಲಿ 'ರಾಬರ್ಟೋ' ಮರಳಿತು. 1972ರ ಡಿಸೆಂಬರ್‌ನಲ್ಲಿ ನಿಕರಾಗುವ ದೇಶದಲ್ಲಿ ಭೂಕಂಪವಾಯಿತು. ಪರಿಹಾರ ಸಾಮಗ್ರಿ ಸಂತ್ರಸ್ತರಿಗೆ ತಲುಪುತ್ತಿಲ್ಲವೆಂದು ತಿಳಿದು ಕ್ಲೆಮೆಂಟೆ ತಾನೇ ವಿಮಾನ ಹತ್ತಿದ. ಡಿಸೆಂಬರ್ 31ರಂದು ಆ ವಿಮಾನ ಸಮುದ್ರಕ್ಕೆ ಬಿತ್ತು. ವಯಸ್ಸು 38. ಶವವೂ ಸಿಗಲಿಲ್ಲ. 1973ರ ಕಾರ್ಡು ಮಾರುಕಟ್ಟೆಗೆ ಬಂದಾಗ ಅವನಿರಲಿಲ್ಲ.

ಇನ್ನೊಬ್ಬರು ಕಪ್ಪು ವರ್ಣದ ಆಟಗಾರರನ್ನೇ ಹುಡುಕುತ್ತಾರೆ. ಟಿ-206 ಸರಣಿಯ ಐನೂರಕ್ಕೂ ಹೆಚ್ಚು ಕಾರ್ಡುಗಳಲ್ಲಿ ಅವರಲ್ಲೊಬ್ಬನೂ ಇಲ್ಲ. ದೊಡ್ಡ ಲೀಗ್‌ಗಳ ಬಾಗಿಲು ಆಗ ಅವರಿಗೆ ಮುಚ್ಚಿತ್ತು. 1947ರಲ್ಲಿ ಜಾಕಿ ರಾಬಿನ್‌ಸನ್ ಆ ಬಾಗಿಲನ್ನು ತೆರೆದ. 1952ರ ಸರಣಿಯಲ್ಲಿ ಅವನೂ ಇದ್ದಾನೆ, ವಿಲ್ಲಿ ಮೇಸ್ ಕೂಡಾ ಇದ್ದಾನೆ. ಪುಸ್ತಕ ಓದದ ಹುಡುಗನೂ ಈ ಎರಡು ಸರಣಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ದೇಶದ ಅನ್ಯಾಯವನ್ನೂ ಬದಲಾವಣೆಯನ್ನೂ ಕಣ್ಣಾರೆ ಕಾಣಬಲ್ಲ.

ಮುಂದಿನ ಸಲ ಕೇಳಿ ನೋಡಿ

ಅತಿಯಾದರೆ ಯಾವ ಹವ್ಯಾಸವೂ ಹೊರೆಯೇ. ಮನೆಯ ಖರ್ಚಿಗೆ ಕೈ ಹಾಕುವ, ನಮಗೇ ನೆನಪಿಲ್ಲದಷ್ಟು ರಾಶಿ ಹಾಕುವ ಸಂಗ್ರಹದಿಂದ ಮನಸ್ಸಿಗೆ ನೆಮ್ಮದಿ ಸಿಗದು. ಮಿತಿ ಇದ್ದಾಗ ಪ್ರತಿಯೊಂದು ವಸ್ತುವಿಗೂ ಗಮನ ಸಿಗುತ್ತದೆ. ಕಾಯುವುದು, ಹೋಲಿಸುವುದು, ಬೇಡವೆಂದು ಬಿಡುವುದು, ಇದ್ದುದನ್ನು ಜೋಪಾನ ಮಾಡುವುದು ಇವೆಲ್ಲ ಆಗ ತಾನಾಗಿಯೇ ಅಭ್ಯಾಸವಾಗುತ್ತವೆ.

ಬರ್ಡಿಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜೀವಮಾನವಿಡೀ ಕೂಡಿಟ್ಟುದನ್ನು ಒಂದು ಕ್ರಮಕ್ಕೆ ತಂದು, ಎಲ್ಲರಿಗೂ ದಕ್ಕುವಂತೆ ಕೊಟ್ಟು, ಬರಿಗೈಯಲ್ಲಿ ಹೊರಟರು.

ನಿಮ್ಮ ಮಗನ ಅಥವಾ ಮಗಳ ಕಪಾಟಿನಲ್ಲೂ ಒಂದು ಹಳೆಯ ಡಬ್ಬಿ ಇರಬಹುದು. ಮುಂದಿನ ಸಲ ಗುಡಿಸುವಾಗ ಅದನ್ನು ಎಸೆಯುವ ಮೊದಲು ಪಕ್ಕದಲ್ಲಿ ಕುಳಿತು, ಇವುಗಳಲ್ಲಿ ನಿನಗೆ ತುಂಬಾ ಇಷ್ಟವಾದದ್ದು ಯಾವುದು, ಯಾಕೆ ಎಂದು ಕೇಳಿ ನೋಡಿ. ಆ 'ಯಾಕೆ'ಗೆ ಬರುವ ಉತ್ತರದಲ್ಲಿ, ನಿಮಗೆ ಇದುವರೆಗೂ ಗೊತ್ತಿಲ್ಲದ ನಿಮ್ಮ ಮಗು ಸಿಗಬಹುದು.